ಒಂದು ಕಿಕ್ ಕೊಟ್ಟರೆ ಸಾಕಾ?

ಮೊನ್ನೆ ಆಫೀಸಿನ ಮೀಟಿಂಗಿನಲ್ಲಿ ಅರ್ಧ ಗಂಟೆಯೊಳಗೆ ಆರು ಸಲ "ಕಿಕ್‌ಸ್ಟಾರ್ಟ್" ಅನ್ನೋ ಪದ ಕಿವಿಗೆ ಬಿತ್ತು. ಪ್ರಾಜೆಕ್ಟನ್ನು ಕಿಕ್‌ಸ್ಟಾರ್ಟ್ ಮಾಡೋಣ, ಟ್ರೈನಿಂಗ್ ಕಿಕ್‌ಸ್ಟಾರ್ಟ್ ಮಾಡೋಣ.. ಹೇಳಿದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಗುಂಡಿ ಒತ್ತಿ ಸ್ಕೂಟರ್ ಶುರು ಮಾಡಿ ಬಂದವರು. ಗಾಡಿಗೆ ಒಮ್ಮೆಯಾದರೂ ಕಿಕ್ ಹೊಡೆದಿದ್ದಾರೋ ಇಲ್ಲವೋ! ನನಗೆ ಮಾತ್ರ ಅಪ್ಪನ ಯೆಜ್ಡಿ ನೆನಪಾಯ್ತು.

ಪದ ಸುಮ್ಮನೆ ಹುಟ್ಟೋದಿಲ್ಲ ನೋಡಿ. ಈ ಪದದ ಹಿಂದೆ ಎಷ್ಟೋ ಜನರ ಮುರಿದ ಕೈಗಳಿವೆ.

ಪೆಟ್ರೋಲ್ ಎಂಜಿನ್ನಿಗೆ ಒಂದು ಹುಟ್ಟುಗುಣ ಇದೆ. ಅದು ತಾನಾಗಿಯೇ ಶುರುವಾಗೋದಿಲ್ಲ. ಯಾರಾದರೂ ಮೊದಲು ಅದನ್ನು ತಿರುಗಿಸಬೇಕು, ಗಾಳಿ-ಪೆಟ್ರೋಲ್ ಒಳಗೆ ಹೋಗಿ ಒತ್ತಬೇಕು, ಕಿಡಿ ಹಾರಬೇಕು. ಆಮೇಲೆ ಅದರ ಪಾಡಿಗೆ ಅದು ಓಡುತ್ತದೆ. ಮೊದಲ ಕಾಲದ ಕಾರುಗಳಲ್ಲಿ ಈ ಕೆಲಸ ಮುಂದುಗಡೆಯ ಹ್ಯಾಂಡಲಿನದು. ನಮ್ಮೂರ ಕಡೆಯ ಹಳೇ ಬಸ್ಸು, ಲಾರಿಗಳಿಗೆ ಕ್ಲೀನರ್ ಹುಡುಗ ಹ್ಯಾಂಡಲ್ ಹೊಡೆಯುತ್ತಿದ್ದದ್ದನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ.

ಕಷ್ಟ ಏನಪ್ಪಾ ಅಂದರೆ, ಕಿಡಿ ಸ್ವಲ್ಪ ಬೇಗ ಹಾರಿಬಿಟ್ಟರೆ ಎಂಜಿನ್ ಉಲ್ಟಾ ತಿರುಗುತ್ತಿತ್ತು. ಹ್ಯಾಂಡಲ್ ಕೂಡ ಅದರ ಜೊತೆ! ಹಿಡಿದವನ ಮಣಿಕಟ್ಟು ಮುರಿದಂತೆಯೇ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬೇಡಿ, ಉಳಿದ ಬೆರಳುಗಳ ಪಕ್ಕಕ್ಕೇ ಇಡಿ ಅಂತ ಚಾಲಕರಿಗೆ ಹೇಳಿಕೊಡುತ್ತಿದ್ದದ್ದು ಇದಕ್ಕೇ. ಮಣಿಕಟ್ಟಿನ ಹತ್ತಿರದ ಒಂದು ಬಗೆಯ ಮೂಳೆ ಮುರಿತಕ್ಕೆ ಡಾಕ್ಟರುಗಳು ಇವತ್ತಿಗೂ "ಶೋಫರ್ ಫ್ರಾಕ್ಚರ್" ಅನ್ನುತ್ತಾರೆ. ಶೋಫರ್ ಅಂದರೆ ಡ್ರೈವರ್. ಒಂದು ಕಸುಬಿನ ಹೆಸರು ಮೂಳೆ ಮುರಿತಕ್ಕೆ ಅಂಟಿಕೊಳ್ಳಬೇಕಾದರೆ ಎಷ್ಟು ಕೈ ಮುರಿದಿರಬೇಕು, ನೀವೇ ಯೋಚಿಸಿ.

ಮೋಟಾರ್ ಸೈಕಲ್ ಸವಾರರದ್ದು ಬೇರೆಯೇ ಪಾಡು. ಪೆಡಲ್ ತುಳಿಯಬೇಕು, ಇಲ್ಲಾ ಗಾಡಿ ತಳ್ಳುತ್ತಾ ಓಡಿ, ಎಂಜಿನ್ ಹತ್ತಿಕೊಂಡ ಕೂಡಲೇ ಹಾರಿ ಕೂರಬೇಕು. 1908ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಟೂ-ಸ್ಟ್ರೋಕ್ ಬೈಕು ಮಾಡಲು ಹೊರಟ ಆಲ್ಫ್ರೆಡ್ ಆಂಗಸ್ ಸ್ಕಾಟ್ ಎಂಬ ಎಂಜಿನಿಯರ್ ಇದಕ್ಕೊಂದು ದಾರಿ ಕಂಡುಕೊಂಡ. ಕಾಲಲ್ಲಿ ಒದೆಯುವ ಸನ್ನೆ! ಕೈ ಮಾಡುತ್ತಿದ್ದ ಕೆಲಸ ಕಾಲಿಗೆ ಬಂತು.

ಅತ್ತ ಕಾರಿನ ಕಥೆ. ಬೈರನ್ ಕಾರ್ಟರ್ ಎಂಬ ಕಾರು ತಯಾರಕ 1908ರಲ್ಲಿ ತೀರಿಕೊಂಡ. ಹ್ಯಾಂಡಲ್ ಹೊಡೆಯುವಾಗ ಆದ ಪೆಟ್ಟೇ ಕಾರಣ, ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲೆಂಡ್ ಅದರಿಂದ ನೊಂದು "ನನ್ನ ಕಾರಿಗೆ ಹ್ಯಾಂಡಲ್ ಬೇಡ" ಎಂದು ಹಟ ಹಿಡಿದ ಅಂತ ಕಥೆ. ವಿವರಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಆದರೆ ಕೆಲಸ ಹೋಗಿ ಸೇರಿದ್ದು ಚಾರ್ಲ್ಸ್ ಕೆಟರಿಂಗ್ ಕೈಗೆ ಅನ್ನೋದು ನಿಜ.

ಈತ ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಮೋಟಾರು ಕೂರಿಸಿದ್ದವನು. ಎಂಜಿನ್ ತಿರುಗಿಸಲು ಕಾರಿನಷ್ಟೇ ದೊಡ್ಡ ಮೋಟಾರು ಬೇಕು ಅಂತ ಬೇರೆಯವರು ಲೆಕ್ಕ ಹಾಕುತ್ತಿದ್ದರು. ಕೆಟರಿಂಗ್ ಹೇಳಿದ್ದು ಇಷ್ಟೇ: ಮೋಟಾರು ದಿನವಿಡೀ ದುಡಿಯಬೇಕಿಲ್ಲ, ಕೆಲವೇ ಕ್ಷಣ ಜೋರಾಗಿ ದುಡಿದರೆ ಸಾಕು. ಎಂಜಿನ್ ಹತ್ತಿಕೊಂಡ ಮೇಲೆ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತಿತ್ತು. 1912ರ ಕ್ಯಾಡಿಲಾಕ್ ಕಾರು ಸೆಲ್ಫ್ ಸ್ಟಾರ್ಟರ್ ಜೊತೆಗೇ ಬಂತು.

ಇದರಿಂದ ಪೆಟ್ಟು ತಿಂದದ್ದು ಯಾರು ಗೊತ್ತಾ? ಬ್ಯಾಟರಿ ಕಾರು! ಹ್ಯಾಂಡಲಿನ ಕಾಟ ಇಲ್ಲ ಅಂತಲೇ ಆಗ ಅನೇಕರು ಅದನ್ನು ಕೊಳ್ಳುತ್ತಿದ್ದರು. ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಕೂಡ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನೇ :) ಪೆಟ್ರೋಲ್ ಕಾರಿಗೂ ಗುಂಡಿ ಬಂದಮೇಲೆ ಆ ಅನುಕೂಲ ಹೋಯಿತು. ನೂರು ವರ್ಷ ಕಳೆದು ಈಗ ಬ್ಯಾಟರಿ ಗಾಡಿ ಸೇಡು ತೀರಿಸಿಕೊಳ್ಳುತ್ತಿದೆ ಅನ್ನಿ.

ಈಗ ನಮ್ಮ ಮೈಸೂರಿಗೆ ಬರೋಣ. ರುಸ್ತಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿ ಬೈಕು ಮಾಡತೊಡಗಿತು. 70ರ ದಶಕದಲ್ಲಿ ಅದೇ ಯೆಜ್ಡಿ ಆಯ್ತು. ಈ ಬೈಕಿನ ಒಂದು ವಿಶೇಷ ಗೊತ್ತಿಲ್ಲದವರಿಗೆ ಹೇಳಿದರೆ ನಂಬೋದಿಲ್ಲ. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಸನ್ನೆ! ಎಡಗಡೆಯ ಗೇರ್ ಸನ್ನೆಯನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಹತ್ತಿಕೊಂಡ ಮೇಲೆ ಅದನ್ನೇ ಮುಂದಕ್ಕೆ ತಂದರೆ ಗೇರ್.

ಅಪ್ಪ ಬೆಳಿಗ್ಗೆ ಒಂದು ಪೂಜೆಯಂತೆ ಮಾಡುತ್ತಿದ್ದರು. ಪೆಟ್ರೋಲ್ ಕಾಕ್ ತಿರುಗಿಸೋದು, ಕಾರ್ಬುರೇಟರ್ ಒತ್ತಿ ಪೆಟ್ರೋಲ್ ಜಿನುಗಿಸೋದು, ಕೀಲಿ ಹಾಕದೆ ಎರಡು ಸಲ ಮೆಲ್ಲಗೆ ತುಳಿಯೋದು. ಆಮೇಲೆ ಕೀಲಿ, ಆಮೇಲೆ ಕಿಕ್. ನಾನು ಕಾಲೇಜಿಗೆ ಹೋಗುವ ಅವಸರದಲ್ಲಿ ಇದ್ಯಾವುದೂ ಮಾಡದೆ ಧಡ ಧಡ ಒದೆಯುತ್ತಿದ್ದೆ. ಅಂಗಿ ಬೆವರಲ್ಲಿ ನೆನೆದರೂ ಗಾಡಿ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅಪ್ಪ ಪೇಪರಿನಿಂದ ತಲೆ ಎತ್ತದೆ "ಅದಕ್ಕೇನೋ ಸಿಟ್ಟು ಗೊತ್ತಾಗುತ್ತೆ? ಪೆಟ್ರೋಲ್ ಆನ್ ಮಾಡಿದ್ದೀಯೇನೋ?" ಅನ್ನೋರು. ಮಾಡಿರುತ್ತಿರಲಿಲ್ಲ!

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ಒಡೆಯರ ಕೈಯಲ್ಲಿ ಮರಳಿ ಬಂದವು. ತಯಾರಾಗೋದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಕಿಕ್ಕರ್ ಇಲ್ಲ, ಗುಂಡಿ ಒತ್ತಿದರೆ ಸಾಕು. ಅಪ್ಪನಿಗೆ ಶೋರೂಮಿನಲ್ಲಿ ತೋರಿಸಿದೆ. ಸುತ್ತ ಒಂದು ಸುತ್ತು ಬಂದು, ಬಗ್ಗಿ ಎಡಗಡೆಯ ಸನ್ನೆಯನ್ನು ಒಳಕ್ಕೆ ಒತ್ತಿ ನೋಡಿದರು. ಅದು ಅಲ್ಲಾಡಲಿಲ್ಲ. ಏನೂ ಹೇಳದೆ ಹೊರಗೆ ಬಂದರು.

ಕಾಲು ಒದೆಯೋದನ್ನು ಬಿಟ್ಟಮೇಲೂ ಬಾಯಿ ಆ ಪದವನ್ನು ಬಿಟ್ಟಿಲ್ಲ. ಆರ್ಥಿಕತೆ, ಯೋಜನೆ, ಕ್ಯಾಂಪೇನ್ ಎಲ್ಲಕ್ಕೂ ಕಿಕ್‌ಸ್ಟಾರ್ಟ್. 2009ರಲ್ಲಿ ಅಮೆರಿಕದಲ್ಲಿ ಜನರಿಂದ ಹಣ ಕೂಡಿಸುವ ಒಂದು ತಾಣವೇ ಈ ಹೆಸರಿನಲ್ಲಿ ಶುರುವಾಯ್ತು. ಕೇಳುವವರಿಗೆ ಒಂದೇ ಒದೆತಕ್ಕೆ ಎಲ್ಲಾ ಓಡುತ್ತದೆ ಅನ್ನಿಸುತ್ತದೆ. ನಿಜವಾಗಿ ಒದ್ದವರಿಗೆ ಗೊತ್ತು, ಒದೆತ ಕೊನೆಯ ಕೆಲಸ. ಅದಕ್ಕೆ ಮುಂಚಿನದ್ದು ಸರಿ ಇಲ್ಲದಿದ್ದರೆ ಎಷ್ಟು ಒದ್ದರೂ ಬೆವರಷ್ಟೇ ಬರೋದು, ಕೆಲವೊಮ್ಮೆ ಸನ್ನೆ ತಿರುಗಿ ಮೊಣಕಾಲಿಗೇ ಬಡಿಯೋದು.

ಮುಂದಿನ ಮೀಟಿಂಗಿನಲ್ಲಿ ಯಾರಾದರೂ "ಕಿಕ್‌ಸ್ಟಾರ್ಟ್ ಮಾಡೋಣ" ಅಂದರೆ, ಪೆಟ್ರೋಲ್ ಆನ್ ಆಗಿದೆಯಾ ಅಂತ ಕೇಳಬೇಕು ಅಂದುಕೊಂಡಿದ್ದೇನೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಗಾಡಿ ಇತ್ತಾ? ಎಷ್ಟು ಕಿಕ್ಕಿಗೆ ಹತ್ತಿಕೊಳ್ಳುತ್ತಿತ್ತು?