ವೆಂಟಿಲೇಟರ್ ಒತ್ತಡ ಮತ್ತು ವಪೆಯ ಸವಕಳಿ

ವೆಂಟಿಲೇಟರ್ ಮೇಲಿರುವ ರೋಗಿ ತಾನಾಗಿ ಉಸಿರೆಳೆಯಲು ತೊಡಗಿದರೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆ (ಡಯಾಫ್ರಾಮ್) ದುಡಿಯುತ್ತಿದೆ ಎಂದು ನಂಬಿಬಿಡುವುದು ಸುಲಭ. ಆದರೆ ರೋಗಿಯ ಉಸಿರೆಳೆತಕ್ಕೆ ಯಂತ್ರ ಒತ್ತಡದ ನೆರವು ಕೊಡುವ ಪ್ರೆಶರ್ ಸಪೋರ್ಟ್ ವಿಧಾನದಲ್ಲಿ ಯಂತ್ರಕ್ಕೆ ಸುಳಿವು ಕೊಡಲು ಸಣ್ಣದೊಂದು ಎಳೆತ ಸಾಕು. ಒತ್ತಡವನ್ನು ಅಗತ್ಯಕ್ಕಿಂತ ಹೆಚ್ಚಿಟ್ಟರೆ ಅಲ್ಲಿಂದಾಚೆಯ ಕೆಲಸವೆಲ್ಲ ಬಹುಪಾಲು ಯಂತ್ರದ್ದೇ.

ಕೆಲಸ ತಪ್ಪಿದ ವಪೆ ಎಷ್ಟು ಬೇಗ ಸೊರಗುತ್ತದೆ ಎಂಬುದನ್ನು 2008ರಲ್ಲಿ ಲೆವೀನ್ ಮತ್ತು ಸಂಗಡಿಗರು ತೋರಿಸಿದರು. ಮಿದುಳು ಸಾವಿಗೀಡಾಗಿದ್ದ 14 ಅಂಗದಾನಿಗಳ ವಪೆ 18ರಿಂದ 69 ಗಂಟೆ ಕಾಲ ಸಂಪೂರ್ಣ ನಿಶ್ಚಲವಾಗಿತ್ತು. ಎರಡು–ಮೂರು ಗಂಟೆಯಷ್ಟೇ ಯಂತ್ರದ ಉಸಿರು ಪಡೆದಿದ್ದ 8 ಶಸ್ತ್ರಚಿಕಿತ್ಸಾ ರೋಗಿಗಳಿಗೆ ಹೋಲಿಸಿದರೆ, ಅವರ ನಿಧಾನಗತಿಯ ಸ್ನಾಯುತಂತುಗಳ ಅಡ್ಡಛೇದ ಶೇ 57ರಷ್ಟು, ವೇಗದ ತಂತುಗಳದ್ದು ಶೇ 53ರಷ್ಟು ಕಡಿಮೆಯಿತ್ತು. ಎದೆಯ ಪೆಕ್ಟೊರಾಲಿಸ್ ಸ್ನಾಯುವಿನಲ್ಲಿ ಇಂಥ ಕುಗ್ಗುವಿಕೆ ಕಾಣಲಿಲ್ಲ. ಹಾಗಾಗಿ ಕಾಯಿಲೆಯನ್ನೋ ಪೋಷಣೆಯ ಕೊರತೆಯನ್ನೋ ದೂರಿ ಸುಮ್ಮನಾಗುವಂತಿಲ್ಲ. ಇಲಿಗಳ ಮೇಲೆ 2012ರಲ್ಲಿ ನಡೆದ ಪ್ರಯೋಗದಲ್ಲಿ ಹೆಚ್ಚಿನ ಪ್ರೆಶರ್ ಸಪೋರ್ಟ್ ಕೂಡ ಪೂರ್ಣ ನಿಯಂತ್ರಿತ ಉಸಿರಾಟದಂತೆಯೇ ವಪೆಯ ಬಲವನ್ನು ಕುಂದಿಸಿತು.

ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡದ, ಅಂದರೆ ಪೀಪ್‌ನ, ಕಥೆ ಬೇರೆ. ಅದು ವಪೆಯನ್ನು ಕೆಳಕ್ಕೆ ತಳ್ಳಿ ತಂತುಗಳನ್ನು ಗಿಡ್ಡವಾಗಿಯೇ ಇರಿಸುತ್ತದೆ. ಆ ಗಿಡ್ಡ ಅಳತೆಗೆ ಹೊಂದಿಕೊಳ್ಳಲು ತಂತು ತನ್ನ ಉದ್ದಕ್ಕೂ ಸಾಲಾಗಿರುವ ಸಾರ್ಕೊಮಿಯರ್ ಎಂಬ ಸಂಕೋಚನ ಘಟಕಗಳಲ್ಲಿ ಕೆಲವನ್ನು ಕಳೆದುಕೊಳ್ಳುತ್ತದೆ ಎಂದು 2018ರಲ್ಲಿ ಲಿಂಡ್‌ಕ್ವಿಸ್ಟ್ ತಂಡ ಇಲಿಗಳಲ್ಲಿ ತೋರಿಸಿತು. ಮನುಷ್ಯರಲ್ಲಿಯೂ ಹೀಗೆಯೇ ಆಗುವುದಾದರೆ, ಪೀಪ್ ದಿಢೀರನೆ ಇಳಿಸಿದಾಗ ಗಿಡ್ಡವಾದ ತಂತು ಅತಿಯಾಗಿ ಹಿಗ್ಗಿ ಬಲಗುಂದಬಹುದು. ಇದು ಸದ್ಯಕ್ಕೆ ತರ್ಕವೇ, ಆದರೆ ಅಲ್ಲಗಳೆಯುವಂಥದ್ದಲ್ಲ.

ಹಾಗೆಂದು ನೆರವು ಕಡಿತಗೊಳಿಸಿದರೆ ಒಳ್ಳೆಯದಾಗುತ್ತದೆಯೆ? ಅದೂ ಅಲ್ಲ. ಗೋಲಿಗರ್ ತಂಡ 2015ರಲ್ಲಿ ಗಮನಿಸಿದ 107 ರೋಗಿಗಳ ಪೈಕಿ ಶೇ 44ರಷ್ಟು ಮಂದಿಯಲ್ಲಿ ವಪೆ ತೆಳ್ಳಗಾಯಿತು, ಶೇ 12ರಷ್ಟು ಮಂದಿಯಲ್ಲಿ ದಪ್ಪಗಾಯಿತು. ಈ ದಪ್ಪವಾಗುವಿಕೆಯನ್ನು ಬಲವೃದ್ಧಿ ಎಂದು ಓದಬಾರದು. ಅತಿ ದುಡಿಮೆಯ ಗಾಯ, ಊತಗಳ ಗುರುತೂ ಆಗಿರಬಹುದು.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಕಿಲ್ಲ. ಬಲಮಗ್ಗುಲಲ್ಲಿ ಕೆಳಗಿನ ಪಕ್ಕೆಲುಬುಗಳ ಸಂದಿಗೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಎರಡು ಬೆಳ್ಳನೆಯ ಗೆರೆಗಳ ನಡುವೆ ಸುಮಾರು 2 ಮಿ.ಮೀ. ದಪ್ಪದ ಕಪ್ಪು ಪಟ್ಟಿ ಕಾಣುತ್ತದೆ. ಉಸಿರೆಳೆದಾಗ ಆ ಪಟ್ಟಿ ಎಷ್ಟು ದಪ್ಪವಾಗುತ್ತದೆ ಎಂಬುದನ್ನು ಅಳೆಯಬೇಕು. ಮೊದಲ ಕೆಲವು ದಿನಗಳಲ್ಲಿ ಈ ಪ್ರಮಾಣ ಶೇ 15ರಿಂದ 30ರೊಳಗಿದ್ದವರೇ ಬೇಗ ವೆಂಟಿಲೇಟರಿನಿಂದ ಹೊರಬಂದರೆಂದು ಗೋಲಿಗರ್ ತಂಡದ 2018ರ ಅಧ್ಯಯನ ಹೇಳುತ್ತದೆ. ರೋಗಿಯ ದಿನಚರಿ ಪಟ್ಟಿಯಲ್ಲಿ ಒತ್ತಡದ ಅಂಕಿಯ ಪಕ್ಕದಲ್ಲೇ ಈ ಅಂಕಿಯನ್ನೂ ಬರೆದಿಡಬೇಕು.