ಕಾಣುವ ಕೊಳೆ, ಕಾಣದ ಕೊಳೆ: ಬಾಟಲಿ ಹಾಲಿನ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಬಗೆಯ ಹಾಲಿನ ಬಾಟಲಿ ಮನೆಮನೆಗೂ ಬಂದಿತ್ತು. ಗಾಜಿನ ಸೀಸೆ, ಅದರಿಂದ ಹೊರಟ ಉದ್ದನೆಯ ರಬ್ಬರ್ ನಳಿಗೆ, ನಳಿಗೆಯ ತುದಿಗೊಂದು ತೊಟ್ಟು. ಮಗುವಿನ ಪಕ್ಕದಲ್ಲಿ ಇಟ್ಟರೆ ಸಾಕು, ಯಾರೂ ಹಿಡಿದುಕೊಂಡು ಕೂರಬೇಕಿರಲಿಲ್ಲ. ತೊಂದರೆ ಇದ್ದದ್ದು ಆ ನಳಿಗೆಯಲ್ಲೇ. ಅದರ ಒಳಮೈಯನ್ನು ಸರಿಯಾಗಿ ತೊಳೆಯಲು ಬರುತ್ತಿರಲಿಲ್ಲ. ಅಲ್ಲಿ ಅಂಟಿದ ಹಾಲು ಹುಳಿತು ಬ್ಯಾಕ್ಟೀರಿಯಾಗಳ ತವರಾಗುತ್ತಿತ್ತು. ಕ್ರಮೇಣ ಅದಕ್ಕೆ 'ಕೊಲೆಗಡುಕ ಬಾಟಲಿ' ಎಂಬ ಹೆಸರೇ ಬಂತು. ಆದರೂ ಮಾರಾಟ ನಿಲ್ಲಲಿಲ್ಲ. ಫ್ರಾನ್ಸ್ ದೇಶ 1910ರಲ್ಲಿ ಇಂಥ ನಳಿಗೆಯ ಬಾಟಲಿಗಳನ್ನು ಕಾನೂನಿನ ಮೂಲಕವೇ ನಿಷೇಧಿಸಬೇಕಾಯಿತು.

ಇದನ್ನು ಬಳಸಿದ ತಾಯಂದಿರು ಅಸಡ್ಡೆಯವರೇ? 1861ರಲ್ಲಿ ಇಸಬೆಲ್ಲಾ ಬೀಟನ್ ಬರೆದ ಗೃಹನಿರ್ವಹಣೆಯ ಪುಸ್ತಕ ಅಂದಿನ ಗೃಹಿಣಿಯರ ಕೈಪಿಡಿ. ಬಾಟಲಿಗೆ ಒಮ್ಮೆ ತೊಟ್ಟು ಕೂರಿಸಿದ ಮೇಲೆ ಹೊಸದು ಹಾಕುವವರೆಗೆ ಬಿಚ್ಚುವ ಅಗತ್ಯವಿಲ್ಲ, ಜೋಪಾನ ಮಾಡಿದರೆ ಕೆಲವು ವಾರ ಬಾಳುತ್ತದೆ ಎಂಬರ್ಥದ ಸಲಹೆ ಅದರಲ್ಲಿದೆ. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಬೀಟನ್ ಸ್ವತಃ ಹಸುಗೂಸನ್ನು ಕಳೆದುಕೊಂಡಿದ್ದ ತಾಯಿ. ರೋಗಾಣು ಸಿದ್ಧಾಂತ ಇನ್ನೂ ಜನರ ತಿಳಿವಳಿಕೆಗೆ ಬಂದಿರದ ಕಾಲವದು. ಕಣ್ಣಿಗೆ ಕಾಣುವಷ್ಟು ಶುಚಿಯಾಗಿದ್ದರೆ ಅದೇ ಶುಚಿ.

ಈ ಹೊತ್ತಿನಲ್ಲಿ ನನಗೆ ನಮ್ಮ ಕಡೆಯ ಒಳಲೆ ನೆನಪಾಗುತ್ತದೆ. ಮೂತಿಯಿರುವ ಪುಟ್ಟ ಬಟ್ಟಲು, ಬೆಳ್ಳಿಯದೋ ಹಿತ್ತಾಳೆಯದೋ. ಅದರಲ್ಲಿ ಮುಚ್ಚಿದ ಜಾಗ ಕಡಿಮೆ. ಬೆರಳು ಹಾಕಿ ಉಜ್ಜಬಹುದು, ಕುದಿಯುವ ನೀರಿನಲ್ಲಿ ಅದ್ದಬಹುದು. ಒಳಲೆ ಹಾಲನ್ನು ಶುದ್ಧಗೊಳಿಸದು, ಹಿಂದಿನವರು ಎಲ್ಲವನ್ನೂ ಬಲ್ಲವರಾಗಿದ್ದರು ಎಂದೂ ನಾನು ಹೇಳುತ್ತಿಲ್ಲ. ಆದರೆ ಪಾತ್ರೆಯ ಆಕಾರವೇ ಮಗುವಿನ ಜೀವಕ್ಕೆ ಸಂಬಂಧಿಸಿದ ಸಂಗತಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಎದೆಹಾಲು ಚೀಪಲಾಗದ ಶಿಶುವಿಗೆ ಬಾಟಲಿಗಿಂತ ಬಟ್ಟಲು ಮೇಲು ಎಂದು ಇಂದಿನ ವೈದ್ಯರು ಹೇಳುವುದಕ್ಕೆ ತೊಳೆಯುವ ಸುಲಭವೂ ಒಂದು ಕಾರಣ.

ಬಾಟಲಿಯೊಳಗಿನ ಆಹಾರದ ಕತೆ ಬೇರೆ. 1860ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ ಹಸುವಿನ ಹಾಲು, ಗೋಧಿ ಹಿಟ್ಟು, ಮಾಲ್ಟ್ ಮತ್ತು ಪೊಟ್ಯಾಸಿಯಂ ಬೈಕಾರ್ಬೊನೇಟ್ ಸೇರಿಸಿ ಶಿಶು ಆಹಾರ ರೂಪಿಸಿದ. 1867ರ ವೇಳೆಗೆ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ ಹಾಲು-ಹಿಟ್ಟಿನ ಪುಡಿ ತಂದ. ಇಬ್ಬರ ಗಮನವೂ ಪೋಷಣೆಯ ಮೇಲಿತ್ತು. ಶಿಶುಗಳ ಹಾಲನ್ನು ಕಾಯಿಸಿ ರೋಗಾಣು ಕೊಲ್ಲಬೇಕೆಂದು ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಪ್ರತಿಪಾದಿಸಿದ್ದು 1886ರಲ್ಲಿ. 1893ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ನೇಥನ್ ಸ್ಟ್ರಾಸ್ ಬಡವರಿಗಾಗಿ ಪಾಶ್ಚರೀಕರಿಸಿದ ಹಾಲಿನ ಕೇಂದ್ರ ತೆರೆದ. ಮರುವರ್ಷ ಫ್ರಾನ್ಸಿನ ಫೆಕಾಂಪ್‌ನಲ್ಲಿ ಡಾ. ಲಿಯೋನ್ ದ್ಯುಫೂರ್ 'ಹಾಲಿನ ಹನಿ' ಕೇಂದ್ರ ಆರಂಭಿಸಿದ. ಅಲ್ಲಿ ಒಂದು ದಿನಕ್ಕೆ ಬೇಕಾದ ಹಾಲನ್ನು ಸಣ್ಣ ಸಣ್ಣ ಬಾಟಲಿಗಳಲ್ಲಿ, ಒಂದು ಊಟಕ್ಕೆ ಒಂದರಂತೆ, ಕಾಯಿಸಿ ಮುಚ್ಚಿ ಕೊಡುತ್ತಿದ್ದರು. ಒಮ್ಮೆ ತೆರೆದದ್ದನ್ನು ಮತ್ತೆ ಎತ್ತಿಡುವ ಪ್ರಶ್ನೆಯೇ ಇಲ್ಲ. ಹಾಲಿನ ಸಂಗ್ರಹಣೆಯ ತೊಡಕಿಗೆ ಸಿಕ್ಕ ಅಚ್ಚುಕಟ್ಟಾದ ಉತ್ತರವದು. ಹೊರೆ ಹೊತ್ತದ್ದು ಕೇಂದ್ರ, ತಾಯಿಯಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪುಡಿಹಾಲಿನ ಡಬ್ಬಿ ವಸಾಹತುಗಳಿಗೆ ಬಂದಾಗ ಈ ಹೊರೆ ಮತ್ತೆ ತಾಯಿಯ ತಲೆಗೇರಿತು. 1939ರಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಸಿಂಗಪುರದ ರೋಟರಿ ಕ್ಲಬ್‌ನಲ್ಲಿ ಭಾಷಣ ಮಾಡಿದರು. ಅದರ ಶೀರ್ಷಿಕೆ 'ಹಾಲು ಮತ್ತು ಕೊಲೆ'. ಎದೆಹಾಲು ಬಿಡಿಸಿ ಸಿಹಿಗಟ್ಟಿ ಹಾಲು ಹಿಡಿಸುವ ಪ್ರಚಾರವನ್ನು ಅವರು ಕೊಲೆಯೆಂದೇ ಕರೆದರು. ಡಬ್ಬಿಯ ಮೇಲಿನ ಸೂಚನೆ ಶುದ್ಧ ನೀರು, ಸೌದೆ, ಅಕ್ಷರಜ್ಞಾನ ಎಲ್ಲವೂ ಇರುವ ಅಡುಗೆಮನೆಯೊಂದನ್ನು ಊಹಿಸಿಕೊಂಡಿರುತ್ತದೆ. ಇವಿಲ್ಲದ ಮನೆಯಲ್ಲಿ ದುಬಾರಿ ಪುಡಿಯನ್ನು ಹೆಚ್ಚು ದಿನ ಬರಿಸಲು ತೆಳ್ಳಗೆ ಕಲಸಿದರೆ ಮಗು ಹಸಿವಿನಿಂದ ಸೊರಗುತ್ತದೆ. ಕೆಟ್ಟ ನೀರಿನಲ್ಲಿ ಕಲಸಿದರೆ ಭೇದಿಯಿಂದ. 1970ರ ದಶಕದ ಚಳವಳಿಗಳ ನಂತರ 1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಸಂಹಿತೆ ಅಂಗೀಕರಿಸಿತು. ವಿರೋಧಿಸಿ ಮತ ಹಾಕಿದ್ದು ಅಮೆರಿಕ ಒಂದೇ.

ಈ ಚರಿತ್ರೆಯ ಒಂದು ಎಳೆ ಮೈಸೂರಿಗೂ ಬರುತ್ತದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ; ಅದನ್ನು ಮಾರುಕಟ್ಟೆಗೆ ತಂದದ್ದು ಅಮುಲ್. ಆಮದಿನ ಡಬ್ಬಿಗಳ ಅವಲಂಬನೆ ತಗ್ಗಿಸಿದ ಸಾಧನೆಯದು. ಮುಂದೆ 1992ರಲ್ಲಿ ಭಾರತ ಶಿಶು ಹಾಲಿನ ಬದಲಿಗಳ ಜಾಹೀರಾತನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಡಬ್ಬಿಯ ಮೇಲೆ ಮಗುವಿನ ಚಿತ್ರ ಕೂಡದು. ಶುಚಿಯಾಗಿ ತಯಾರಿಸುವ ಸೂಚನೆ ಇರಲೇಬೇಕು.

ಕೊನೆಯ ತಿರುವು ತೀರ ಇತ್ತೀಚಿನದು. ನೀರು, ಬಾಟಲಿ, ಕೈ ಎಲ್ಲ ಶುಚಿಯಾಗಿದ್ದರೂ ಪುಡಿಯೇ ನಿರ್ಜೀವಾಣುಕವಲ್ಲ. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ಬಹುಕಾಲ ಬದುಕಿರಬಲ್ಲದು. ಅಪರೂಪಕ್ಕೆ, ಮುಖ್ಯವಾಗಿ ಅವಧಿಪೂರ್ವ ಶಿಶುಗಳಲ್ಲಿ ಮತ್ತು ಎಳೆಗೂಸುಗಳಲ್ಲಿ, ಮಿದುಳಿನ ಪೊರೆಯ ಉರಿಯೂತ ತರುತ್ತದೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡದೆ, ಅದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಬೇಕು. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಬೇಗ ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕುಡಿಸಬೇಕು. ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಬೇಕು. ಮುಂಚಿತವಾಗಿ ಮಾಡಿಡಲೇಬೇಕಿದ್ದರೆ ತಕ್ಷಣ ಆರಿಸಿ, 5 ಡಿಗ್ರಿ ಮೀರದ ಫ್ರಿಜ್‌ನಲ್ಲಿ, ಹೆಚ್ಚೆಂದರೆ 24 ಗಂಟೆ. ಬಿಸಿನೀರು ಇಲ್ಲಿ ಪುಡಿ ಕರಗಿಸಲು ಮಾತ್ರವಲ್ಲ, ಪುಡಿಯಲ್ಲಿರುವುದನ್ನು ಕೊಲ್ಲಲು. ಉಗುರುಬೆಚ್ಚಗಿನ ನೀರಿಗೆ ಆ ಕೆಲಸ ಸಾಧ್ಯವಿಲ್ಲ.

ನನ್ನ ವಾರಗೆಯ ಗೆಳತಿಯರು ಒಬ್ಬೊಬ್ಬರಾಗಿ ತಾಯಂದಿರಾಗುತ್ತಿದ್ದಾರೆ. ಹಾಲು ಸಾಲದೆಯೋ, ಕಾಯಿಲೆಯಿಂದಲೋ, ಕೆಲಸಕ್ಕೆ ಮರಳಬೇಕಾಗಿಯೋ ಕೆಲವರು ಡಬ್ಬಿ ತೆರೆದಿದ್ದಾರೆ. ಅವರಿಗೆ ಸುತ್ತಲಿನವರಿಂದ ಮೊದಲು ಸಿಗುವುದು ಬೈಗುಳ, 70 ಡಿಗ್ರಿಯ ಮಾತು ಯಾರೂ ಹೇಳುವುದಿಲ್ಲ. ಎದೆಹಾಲೇ ಶ್ರೇಷ್ಠ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜಾಹೀರಾತಿನ ಬಾಯಿ ಕಟ್ಟಿದ್ದು ಸರಿಯೇ. ಆದರೆ ಅದರೊಂದಿಗೆ ಅರಿವಿನ ಬಾಯಿಯೂ ಕಟ್ಟಿಹೋದರೆ ಬೀಟನ್ ಕಾಲದ ತಾಯಿಗೂ ನಮ್ಮ ಕಾಲದ ತಾಯಿಗೂ ಹೆಚ್ಚು ಅಂತರ ಉಳಿಯುವುದಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಹೇಳಬೇಕಷ್ಟೆ.