ಮರಳ ಕಣದ ಸಾಕ್ಷಿ, ಬಣ್ಣದ ಪದರದ ಸಾಕ್ಷಿ

ಮೊನೆಯ ಚಿತ್ರಗಳನ್ನು ಕತ್ತಲ ಸಭಾಂಗಣದ ಗೋಡೆಗಳ ಮೇಲೆ ಪ್ರೊಜೆಕ್ಟರಿನಿಂದ ಹರಿಯಬಿಟ್ಟು ಟಿಕೆಟ್ ಮಾರುವ ಕಾಲವಿದು. ಇಂಪ್ರೆಷನಿಸ್ಟರು ಬಯಲಿಗೆ ಹೋದರು, ಕಂಡದ್ದನ್ನು ಸರಸರನೆ ಬಳಿದರು, ಮನೆಗೆ ಬಂದರು ಎಂಬುದು ಅಲ್ಲಿಂದ ಹೊರಬಂದವರ ತಿಳಿವಳಿಕೆ. ಕಲಾ ವಿದ್ಯಾರ್ಥಿಗಳ ಬಾಯಲ್ಲೂ ಇದೇ ಮಾತು ಕೇಳುತ್ತೇನೆ.

ಹೊರಗೆ ಕೂತು ಎಣ್ಣೆಬಣ್ಣದಲ್ಲಿ ಬರೆಯುವುದು ಅವರಿಂದ ಶುರುವಾದದ್ದೇ ಅಲ್ಲ. ಬೆಳಕು ನಿಲ್ಲುವುದಿಲ್ಲ, ಆದ್ದರಿಂದ ಒಂದು ಅಭ್ಯಾಸಚಿತ್ರಕ್ಕೆ ಎರಡು ಗಂಟೆ ಮೀರಬೇಡಿ ಎಂದು ವಾಲೆನ್ಸಿಯೆನ್ 1800ರಲ್ಲೇ ಬರೆದಿದ್ದ. ಕಾನ್‌ಸ್ಟೇಬಲ್ 1821-22ರಲ್ಲಿ ಹ್ಯಾಂಪ್‌ಸ್ಟೆಡ್‌ನ ಮೋಡಗಳನ್ನು ಚಿತ್ರಿಸಿ, ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟ. 1841ರಲ್ಲಿ ತವರದ ಟ್ಯೂಬ್ ಬಂತು. ಮುಂದೆ ಬಾರ್ಬಿಝೋನ್, ಬೂದಾಂ, 1874ರ ಪ್ಯಾರಿಸ್ ಪ್ರದರ್ಶನ: ಇವೆಲ್ಲ ಪಠ್ಯಪುಸ್ತಕದಲ್ಲಿವೆ.

ಇನ್ನು ಇವರ ಬಗೆಗಿನ ಅಧ್ಯಯನ. 1946ರಲ್ಲಿ ಜಾನ್ ರಿವಾಲ್ಡ್ ಯಾರು, ಎಲ್ಲಿ, ಯಾವಾಗ ಎಂಬುದನ್ನೆಲ್ಲ ಜೋಡಿಸಿಕೊಟ್ಟರು. 1985ರಲ್ಲಿ ಟಿ. ಜೆ. ಕ್ಲಾರ್ಕ್ ಅರ್ಜೆಂತಾಯ್‌ನ ಕಾರ್ಖಾನೆ ಚಿಮಣಿಗಳತ್ತ, ರಜೆಗೆ ಬಂದ ಪ್ಯಾರಿಸಿನವರತ್ತ ಬೆರಳು ತೋರಿಸಿದರು. ಬಲವಾದ ಪುಸ್ತಕ, ಬಣ್ಣದ ವಿಷಯಕ್ಕೆ ಮಾತ್ರ ಸ್ವಲ್ಪ ಅವಸರದ್ದು.

ನಮ್ಮ ಪೀಳಿಗೆಯ ಕಣ್ಣು ತೆರೆಸಿದ್ದು ಸೂಕ್ಷ್ಮದರ್ಶಕ. 1986ರ ಜಾನ್ ಹೌಸ್ ಅವರ ಮೊನೆ ಗ್ರಂಥ, ಅದರ ಬೆನ್ನಿಗೆ 1990ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಏರ್ಪಡಿಸಿದ ತಾಂತ್ರಿಕ ಪ್ರದರ್ಶನ ಬಂದಮೇಲೆ ಚಿತ್ರವನ್ನು ನೋಡುವ ಕ್ರಮವೇ ಬದಲಾಯಿತು. 1870ರ ತ್ರೂವಿಲ್ ಕಡಲತೀರದ ಚಿತ್ರದ ಬಣ್ಣದೊಳಗೆ ಮರಳ ಕಣಗಳು ಸಿಕ್ಕಿಕೊಂಡಿವೆ. ಮೊನೆ ದಡದಲ್ಲೇ ಕೂತಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಮೊನೆಯ ಬಣವೆಗಳಲ್ಲಿ, ರುವಾಂ ಕೆಥೆಡ್ರಲ್ ಸರಣಿಯಲ್ಲಿ ಒಣಗಿದ ಪದರದ ಮೇಲೆ ಮತ್ತೆ ಮತ್ತೆ ಪದರ. ಕೆಥೆಡ್ರಲ್ ಮುಂದೆ ಕೆಲಸ ಮಾಡಿದ್ದು 1892, 1893ರಲ್ಲಿ; ಮುಗಿಸಿದ್ದು ಜಿವೆರ್ನಿಯ ಸ್ಟುಡಿಯೊದಲ್ಲಿ, 1894ರಲ್ಲಿ. ಕ್ಷಣದ ಬೆಳಕಿಗೆ ವರ್ಷಗಳ ದುಡಿಮೆ! ರೆನ್ವಾರ್‌ನ ದೋಣಿಚಿತ್ರದಲ್ಲಿ ಕೋಬಾಲ್ಟ್ ನೀಲಿ ನೀರಿನ ಪಕ್ಕ ಕ್ರೋಮ್ ಕಿತ್ತಳೆಯ ದೋಣಿ: ಎದುರುಬಣ್ಣಗಳು ಪರಸ್ಪರ ಕೆರಳಿಸುತ್ತವೆಂದು ಶೆವ್ರೆಲ್ 1839ರಲ್ಲಿ ಹೇಳಿದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಆದರೂ ಈ ಶೋಧದ ಬಹುಪಾಲು ಮೊನೆಯ ಸುತ್ತಲೇ. ನನ್ನ ಮಟ್ಟಿಗೆ ಬೆಳಕಿನ ಕಠಿಣ ಪಾಠವಿರುವುದು ಬಿಸಿಲಿಲ್ಲದ ದಿನಗಳಲ್ಲಿ. 1876ರ ಪೋರ್ ಮಾರ್ಲಿ ಪ್ರವಾಹವನ್ನು ಸಿಸ್ಲೆ ಬರೆದಾಗ ನೆರೆನೀರಿನಲ್ಲಿ ಸಂಕಟಕ್ಕಿಂತ ಆಕಾಶದ ಬೂದು ಹೆಚ್ಚಿದೆ, ಆ ಬೂದಿನಲ್ಲಿ ಎಷ್ಟು ಬಣ್ಣಗಳಿವೆ! ಎಂಟೂ ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿ ಭಾಗವಹಿಸಿದ ಒಬ್ಬನೇ ಕಲಾವಿದ ಪಿಸ್ಸಾರೊ, ಕಣ್ಣಿನ ಕಾಯಿಲೆ ಕಾಡಿದಾಗ ಒಳಗೆ ಕೂತ. 1897ರಲ್ಲಿ ಹೋಟೆಲ್ ಕಿಟಕಿಯಿಂದ ಮೊಂಮಾರ್ತ್ ಬೀದಿಯನ್ನು ಮಂಜು, ಮಳೆ, ಇರುಳುಗಳಲ್ಲಿ 14 ಸಲ ಚಿತ್ರಿಸಿದ. ಬಯಲೇ ಬೇಕೆಂಬ ವ್ರತ ಅಲ್ಲಿಗೆ ಮುಗಿಯಿತು, ಬೆಳಕಿನ ಅಧ್ಯಯನ ಮುಗಿಯಲಿಲ್ಲ.

ನಮ್ಮಲ್ಲಿ ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ವೆಂಕಟಪ್ಪನವರನ್ನು ಇಂಪ್ರೆಷನಿಸ್ಟರೆಂದರೆ ತಪ್ಪಾದೀತು. ಅವರ ನಯಗಾರಿಕೆಯ ದಾರಿಯೇ ಬೇರೆ. ಆ ಕಡೆಗೆ ನಿಜವಾಗಿ ವಾಲಿದವರು ಬೆಂಗಳೂರಿನ ಹೂಮರಗಳ ಚಿತ್ರಕಾರ ರುಮಾಲೆ ಚನ್ನಬಸವಯ್ಯ. ಅವರ ಬಗ್ಗೆ ಬರೆದವರು ಗಾಂಧಿವಾದಿಯನ್ನು, ಸ್ವಾತಂತ್ರ್ಯ ಹೋರಾಟಗಾರನನ್ನು ಮೆಚ್ಚಿ ಬರೆದಿದ್ದಾರೆ. ಗುಲ್‌ಮೊಹರಿನ ಆ ಕೆಂಪು ಯಾವ ಟ್ಯೂಬಿನದು, ಯಾವ ತಳದ ಮೇಲೆ ಕೂತಿದೆ, ಮಧ್ಯಾಹ್ನದ ನೆತ್ತಿಬಿಸಿಲಲ್ಲಿ ನೆರಳಿಗೆ ಅವರು ಯಾವ ಬಣ್ಣ ಕೊಟ್ಟರು ಎಂದು ಕೇಳಬೇಕಾದವರು ನಾವು. ಸೂಕ್ಷ್ಮದರ್ಶಕಗಳಿಗಂತೂ ಬೆಂಗಳೂರಿನಲ್ಲಿ ಬರವಿಲ್ಲ.